ಪ್ರಯೋಗ ವಿನ್ಯಾಸ (ವಿದ್ಯಾರ್ಥಿ ಸಂಶೋಧನೆಯಲ್ಲಿ)

ಯಾವ ಉಪಚಾರವನ್ನು ಯಾವ ಕುಂಡಕ್ಕೆ, ತಾಕಿಗೆ ಅಥವಾ ವ್ಯಕ್ತಿಗೆ ಎಷ್ಟು ಸಲ ಕೊಡಬೇಕೆಂದು ಅಳತೆಗೆ ಮುಂಚೆಯೇ ಗೊತ್ತುಮಾಡುವ ಯೋಜನೆ. ಇದರ ಇಂದಿನ ರೂಪಕ್ಕೆ ಅಡಿಪಾಯ ಹಾಕಿದವನು ಆರ್. ಎ. ಫಿಶರ್. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರವನ್ನು 1919ರಲ್ಲಿ ಸೇರಿದ ಈತ ಪುನರಾವರ್ತನೆ, ಯಾದೃಚ್ಛಿಕ ಹಂಚಿಕೆ, ಸ್ಥಳೀಯ ನಿಯಂತ್ರಣ (ಒಂದೇ ತೆರನಾದವನ್ನು ಗುಂಪು ಮಾಡಿ ಹೋಲಿಸುವುದು) ಎಂಬ ಮೂರು ತತ್ತ್ವಗಳನ್ನು ನೆಲೆಗೊಳಿಸಿದ.

ಫಿಶರನ 1935ರ ಗ್ರಂಥದಲ್ಲಿ ಬರುವ ಚಹಾದ ಉದಾಹರಣೆ ಪ್ರಸಿದ್ಧ. ಬಟ್ಟಲಿಗೆ ಮೊದಲು ಬಿದ್ದದ್ದು ಹಾಲೋ ಚಹಾವೋ ಎಂದು ರುಚಿಯಿಂದಲೇ ಹೇಳಬಲ್ಲೆನೆನ್ನುತ್ತಾಳೆ ಒಬ್ಬ ಮಹಿಳೆ. ಎಂಟು ಬಟ್ಟಲು ಮಾಡಿ, ನಾಲ್ಕಕ್ಕೆ ಮೊದಲು ಹಾಲು ಹಾಕಿ, ಕ್ರಮ ಕಲಸಿ ಕೊಟ್ಟರೆ ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ಬಟ್ಟಲು ಆರೇ ಆಗಿ, ಮೂರಕ್ಕೆ ಹಾಲು ಮೊದಲಾದರೆ 20ರಲ್ಲಿ ಒಂದು. ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಚಹಾ ಕುದಿಸುವ ಮೊದಲೇ ತೀರ್ಮಾನವಾಗಿರುತ್ತದೆ.

ವಿನ್ಯಾಸ ಆರಿಸುವಾಗ ಮೊದಲು ಕೇಳಬೇಕಾದದ್ದು: ಉಪಚಾರ ಬಿಟ್ಟರೆ ವ್ಯತ್ಯಾಸ ಇನ್ನೆಲ್ಲಿಂದ ಬರುತ್ತದೆ? ರಾಗಿಗೆ ನಾಲ್ಕು ಪ್ರಮಾಣದ ಗೊಬ್ಬರ ಕೊಟ್ಟು 20 ಕುಂಡಗಳಲ್ಲಿ ಹೋಲಿಸುವುದಿದೆ ಎನ್ನೋಣ. ಬೆಳಕು, ಮಣ್ಣು ಎಲ್ಲೆಡೆ ಒಂದೇ ತೆರನಾಗಿದ್ದರೆ ಚೀಟಿ ಎತ್ತಿ ಹಂಚಿದರೆ ಸಾಕು. ಇದು ಪೂರ್ಣ ಯಾದೃಚ್ಛಿಕ ವಿನ್ಯಾಸ (ಸಿಆರ್‌ಡಿ). ಹೊಲ ಇಳಿಜಾರಾಗಿದ್ದರೆ ಒಂದೇ ಮಟ್ಟದ ತಾಕುಗಳನ್ನು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನಲ್ಲೂ ನಾಲ್ಕು ಪ್ರಮಾಣಗಳಿಗೂ ಬೇರೆಬೇರೆ ಚೀಟಿ ಎತ್ತಬೇಕು. ಕೃಷಿ ವಿದ್ಯಾರ್ಥಿಗಳ ಬಾಯಲ್ಲಿ ಇದು ಆರ್‌ಬಿಡಿ. ಬ್ಲಾಕಿಗೂ ಬೆಲೆಯಿದೆ: ಅದೇ 20 ಅಳತೆಗಳಲ್ಲಿ ದೋಷದ ಅಂದಾಜಿಗೆ ಉಳಿಯುವ ಸ್ವತಂತ್ರ ಮಾಹಿತಿ, ಅಂದರೆ ಡಿಗ್ರಿ ಆಫ್ ಫ್ರೀಡಂ, 16ರಿಂದ 12ಕ್ಕೆ ಇಳಿಯುತ್ತದೆ. ಏರುಪೇರು ಎರಡು ದಿಕ್ಕಿಗಿದ್ದರೆ ಲ್ಯಾಟಿನ್ ಚೌಕ: ಪ್ರತಿ ಸಾಲಿನಲ್ಲೂ ಪ್ರತಿ ಕಂಬದಲ್ಲೂ ಪ್ರತಿ ಉಪಚಾರ ಒಂದೊಂದೇ ಸಲ. ಆದರೆ ನಾಲ್ಕು ಉಪಚಾರಗಳ ಒಂದು ಚೌಕದಲ್ಲಿ ದೋಷಕ್ಕೆ ಉಳಿಯುವುದು ಆರು ಮಾತ್ರ. ಸಣ್ಣ ಪ್ರಬಂಧಕ್ಕೆ ಅದು ದುಬಾರಿಯೇ.

ಪರೀಕ್ಷಿಸಬೇಕಾದ ಅಂಶಗಳು ಹೆಚ್ಚಿದಾಗ ಲೆಕ್ಕ ಕೈಮೀರುತ್ತದೆ. ಎರಡೆರಡು ಮಟ್ಟದ ಏಳು ಅಂಶಗಳಿಗೆ 128 ಸಂಯೋಜನೆಗಳಾಗುತ್ತವೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1940ರ ದಶಕದಲ್ಲಿ ರೂಪಿಸಿದ ಆರ್ಥೋಗೊನಲ್ ಅರೇ (ಸಂಯೋಜನೆಗಳಲ್ಲಿ ಕೆಲವನ್ನೇ ಸಮತೋಲದಿಂದ ಆರಿಸುವ ಪಟ್ಟಿ) ಬಳಸಿದರೆ ಮುಖ್ಯ ಪರಿಣಾಮಗಳ ಅಂದಾಜಿಗೆ ಎಂಟೇ ಸಾಕು, ಅಂಶಗಳ ಪರಸ್ಪರ ಪ್ರಭಾವ ನಗಣ್ಯವೆಂದು ಒಪ್ಪಿಕೊಂಡರೆ.

ಮನುಷ್ಯರ ಮೇಲಿನ ಪ್ರಯೋಗದಲ್ಲಿ ಒಬ್ಬರಿಗೇ ಎರಡೂ ಉಪಚಾರ ಕೊಡುವುದು ಮಿತವ್ಯಯದ ದಾರಿ. ಅರ್ಧ ಜನಕ್ಕೆ ಕ್ರಮ ತಿರುಗಿಸಿದರಾಯಿತು. ಆದರೆ ಕಲಿತ ಪಾಠವನ್ನು ಮರೆಸಲಾಗದು; ಅಲ್ಲಿ ಪ್ರತ್ಯೇಕ ಗುಂಪುಗಳೇ ಬೇಕು.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಪುನರಾವರ್ತನೆಯಲ್ಲಿ. ಒಂದೇ ಕುಂಡದ ಹತ್ತು ಸಸಿ ಅಳೆದರೆ ಹತ್ತು ಪುನರಾವರ್ತನೆಯಲ್ಲ, ಒಂದೇ. ಇದನ್ನು ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಹುಸಿ ಪುನರಾವರ್ತನೆ ಎಂದು ಗುರುತಿಸಿದ. ಒಂದು ತರಗತಿಗೆ ಹೊಸ ವಿಧಾನದಲ್ಲಿ, ಇನ್ನೊಂದಕ್ಕೆ ಹಳೆಯದರಲ್ಲಿ ಕಲಿಸಿ ಹೋಲಿಸುವುದೂ ಇದೇ ಜಾತಿಯದು. ಮಕ್ಕಳು ಎಷ್ಟೇ ಇರಲಿ, ಅದರಿಂದ ಬೋಧನ ವಿಧಾನದ ಬಗ್ಗೆ ತೀರ್ಪು ಕೊಡಲಾಗದು. ಆ ಮಿತಿಯನ್ನು ವರದಿಯಲ್ಲೇ ಬರೆಯಬೇಕು.