ಅಂತರರಾಷ್ಟ್ರೀಯ ಚಾಲನಾ ರಹದಾರಿ ಮತ್ತು ಹೊರದೇಶಗಳಲ್ಲಿ ವಾಹನ ಚಾಲನೆ

ಉದ್ಯೋಗ, ವ್ಯಾಸಂಗ ಅಥವಾ ಪ್ರವಾಸದ ನಿಮಿತ್ತ ವಿದೇಶಕ್ಕೆ ತೆರಳುವವರ ಮಾಹಿತಿಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ರಹದಾರಿಯ ಸ್ವರೂಪ

ರಸ್ತೆ ಸಂಚಾರ ಕುರಿತ 1949ರ ಜಿನೀವಾ ಒಪ್ಪಂದಕ್ಕೆ ಭಾರತವು ಸೇರಿದೆ. ಅದರ ಅನುಸಾರ ನೀಡಲಾಗುವ ಅಂತರರಾಷ್ಟ್ರೀಯ ಚಾಲನಾ ರಹದಾರಿಯು ಸ್ವತಂತ್ರ ಅನುಜ್ಞಾ ಪತ್ರವಲ್ಲ. ಮೂಲ ಚಾಲನಾ ಅನುಜ್ಞಾ ಪತ್ರದ ವಿವರಗಳನ್ನು ಇತರ ಭಾಷೆಗಳಲ್ಲಿ ದೃಢೀಕರಿಸುವ ದಾಖಲೆಯಾಗಿರುತ್ತದೆ. ಆದುದರಿಂದ ಚಾಲಕರು ಎರಡನ್ನೂ ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ರಹದಾರಿಯು ಒಂದು ವರ್ಷದವರೆಗೆ ಅಥವಾ ಮೂಲ ಅನುಜ್ಞಾ ಪತ್ರದ ಅವಧಿ ಮುಗಿಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಊರ್ಜಿತವಾಗಿರುತ್ತದೆ.

ಅರ್ಜಿ ಸಲ್ಲಿಸುವ ವಿಧಾನ

1. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಮೂನೆ 4ಎಯಲ್ಲಿ, ವಾಸಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಛೇರಿಗೆ ಅರ್ಜಿ ಸಲ್ಲಿಸತಕ್ಕದ್ದು.
2. ಊರ್ಜಿತ ಚಾಲನಾ ಅನುಜ್ಞಾ ಪತ್ರ ಮತ್ತು ಪಾಸ್‌ಪೋರ್ಟ್ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಕಲಿಕಾ ಅನುಜ್ಞಾ ಪತ್ರ ಮಾತ್ರ ಹೊಂದಿರುವವರು ಅರ್ಹರಲ್ಲ.
3. ನಿಗದಿತ ಶುಲ್ಕ 1,000 ರೂಪಾಯಿ.
4. ವೈದ್ಯಕೀಯ ಪ್ರಮಾಣಪತ್ರ ಹಾಗೂ ವೀಸಾ ಹಾಜರುಪಡಿಸುವ ಷರತ್ತನ್ನು 2021ರ ಜನವರಿಯಲ್ಲಿ ಕೈಬಿಡಲಾಗಿದೆ. ವಿದೇಶದಲ್ಲಿರುವಾಗಲೇ ರಹದಾರಿಯ ಅವಧಿ ಮುಗಿದಲ್ಲಿ, ಅಲ್ಲಿನ ಭಾರತೀಯ ರಾಯಭಾರ ಕಛೇರಿಯ ಮೂಲಕ ಅರ್ಜಿ ಸಲ್ಲಿಸಲು ಅದೇ ಸಂದರ್ಭದಲ್ಲಿ ಅವಕಾಶ ಕಲ್ಪಿಸಲಾಗಿದೆ.

ಸಂದರ್ಶಕರು ಮತ್ತು ನಿವಾಸಿಗಳು

ರಹದಾರಿಯ ಮೇಲೆ ನಮೂದಿಸಿದ ದಿನಾಂಕದವರೆಗೂ ಎಲ್ಲೆಡೆ ವಾಹನ ಚಲಾಯಿಸಬಹುದೆಂಬ ಭಾವನೆ ಸರಿಯಲ್ಲ. ವ್ಯಕ್ತಿಯು ಒಂದು ದೇಶದ ನಿವಾಸಿಯಾದ ದಿನದಿಂದ ಆ ದೇಶದ ಕಾನೂನು ಬೇರೆ ಷರತ್ತುಗಳನ್ನು ವಿಧಿಸಬಹುದು. ಉದಾಹರಣೆಗೆ:

- ಸಂಯುಕ್ತ ಅರಬ್ ಸಂಸ್ಥಾನ: ಸಂದರ್ಶಕರು ರಹದಾರಿಯನ್ನು ಬಳಸಬಹುದು. ಭಾರತದಿಂದ ಉದ್ಯೋಗಕ್ಕೆ ತೆರಳಿ ನಿವಾಸ ವೀಸಾ ಪಡೆದವರು ಅಲ್ಲಿನ ಅನುಜ್ಞಾ ಪತ್ರವನ್ನೇ ಪಡೆಯತಕ್ಕದ್ದು. ಕರಾವಳಿ ಜಿಲ್ಲೆಗಳಿಂದ ತೆರಳುವವರು ಇದನ್ನು ವಿಶೇಷವಾಗಿ ಗಮನಿಸುವುದು.
- ಬ್ರಿಟನ್: ನಿವಾಸಿಯಾದ ದಿನದಿಂದ 12 ತಿಂಗಳವರೆಗೆ ಭಾರತದ ಅನುಜ್ಞಾ ಪತ್ರದಿಂದ ಕಾರು ಚಲಾಯಿಸಬಹುದು. ಅನಂತರ ಅಲ್ಲಿನ ಪರೀಕ್ಷೆಗಳಲ್ಲಿ ಉತ್ತೀರ್ಣರಾಗುವುದು ಕಡ್ಡಾಯ.
- ಜರ್ಮನಿ: ಈ ಅವಧಿಯು ಸಾಮಾನ್ಯವಾಗಿ 6 ತಿಂಗಳು. ಭಾರತದ ಅನುಜ್ಞಾ ಪತ್ರವನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿ ಕೊಡಲಾಗುವುದಿಲ್ಲ.
- ಅಮೆರಿಕ: ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಾದ 10 ದಿನಗಳೊಳಗೆ ಅಲ್ಲಿನ ಅನುಜ್ಞಾ ಪತ್ರಕ್ಕೆ ಅರ್ಜಿ ಸಲ್ಲಿಸಬೇಕಾಗುತ್ತದೆ.
- ಚೀನಾ: ಮುಖ್ಯ ಭೂಭಾಗದಲ್ಲಿ ಅಂತರರಾಷ್ಟ್ರೀಯ ಚಾಲನಾ ರಹದಾರಿಗೆ ಮಾನ್ಯತೆ ಇಲ್ಲ.

ಅವಧಿ ಮೀರಿದ ನಂತರ ವಾಹನ ಚಲಾಯಿಸಿದಲ್ಲಿ ದಂಡ ತೆರಬೇಕಾಗುವುದಲ್ಲದೆ, ಅಪಘಾತ ಸಂಭವಿಸಿದಾಗ ವಿಮಾ ಸಂಸ್ಥೆಯು ಹೊಣೆಯನ್ನು ನಿರಾಕರಿಸುವ ಸಂಭವವಿರುತ್ತದೆ. ಅಂತಹ ಸಂದರ್ಭದಲ್ಲಿ ಪರಿಹಾರದ ಸಂಪೂರ್ಣ ಭಾರವು ಚಾಲಕರ ಮೇಲೆ ಬೀಳಬಹುದು.

ದೀರ್ಘಕಾಲ ವಿದೇಶದಲ್ಲಿ ನೆಲೆಸುವವರಿಗೆ ಸೂಚನೆ

ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಅನ್ವಯ, ಅನುಜ್ಞಾ ಪತ್ರದ ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಅವಧಿ ಮುಗಿದು ಒಂದು ವರ್ಷ ಕಳೆದಲ್ಲಿ ಪುನಃ ಚಾಲನಾ ಪರೀಕ್ಷೆಗೆ ಒಳಪಡಬೇಕಾಗುತ್ತದೆ. ಆದ್ದರಿಂದ ಪ್ರಯಾಣಕ್ಕೆ ಮುನ್ನ ಮೂಲ ಅನುಜ್ಞಾ ಪತ್ರದ ಅವಧಿಯನ್ನು ಪರಿಶೀಲಿಸಿಕೊಳ್ಳುವುದು ಹಾಗೂ ತೆರಳುವ ದೇಶದ ನಿಯಮಗಳನ್ನು ಅಲ್ಲಿನ ರಾಯಭಾರ ಕಛೇರಿ ಅಥವಾ ಸಾರಿಗೆ ಪ್ರಾಧಿಕಾರದಿಂದ ಖಚಿತಪಡಿಸಿಕೊಳ್ಳುವುದು.