ತಾತನ ವಾಚು, ಅಪ್ಪನ ಕಾರು: ಒಂದು ಗೀರಿನ ಇತಿಹಾಸ

ಮೊದಲ ಫೋಟೋ ತಾತನ ಎಚ್‌ಎಂಟಿ ವಾಚು. ನಮ್ಮ ತುಮಕೂರಿನ ಎಚ್‌ಎಂಟಿ ಕಾರ್ಖಾನೆ ಶುರುವಾಗಿದ್ದು 1970ರ ದಶಕದ ಕೊನೇಲಿ. 2016ರಲ್ಲಿ ಕೇಂದ್ರ ಸಂಪುಟ ವಾಚ್ ಕಂಪನಿ ಮುಚ್ಚೋಕೆ ಒಪ್ಪಿತು. ಆಮೇಲೆ ಜಾಗ ಇಸ್ರೋಗೆ ಹೋಯ್ತು. ತಾತನ ವಾಚಿನ ಗಾಜು ಅಸಲಿಗೆ ಅಕ್ರಿಲಿಕ್. ಗೀರು ಬಿದ್ರೆ ಚೂರು ಟೂತ್‌ಪೇಸ್ಟ್ ಹಚ್ಚಿ ಉಜ್ಜೋರು. "ಗೀರು ಹೋಗಲ್ಲ ಕಣೋ, ಸುತ್ತ ಇರೋದು ಸವೆಯುತ್ತೆ" ಅನ್ನೋರು.

ಎರಡನೇ ಫೋಟೋ ಅಪ್ಪನ ಕಾರು. ಕುಣಿಗಲ್ ರೋಡಿನ ಧೂಳನ್ನ ಒಣಬಟ್ಟೇಲಿ ಒರೆಸಿ ಗೀರು ಮಾಡಿದ್ದು ನಾನೇ!

ಮೊದಮೊದಲ ಕಾರುಗಳಿಗೆ ಸಾರೋಟಿಗೆ ಬಳಿದ ಹಾಗೇ ವಾರ್ನಿಷ್ ಬಳೀತಿದ್ರು. ಒಣಗೋಕೆ ವಾರಗಟ್ಟಲೆ ಬೇಕಿತ್ತು. 1920ರ ದಶಕದಲ್ಲಿ ಬೇಗ ಒಣಗೋ ಲ್ಯಾಕರ್ ಬಂತು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳುವಾದ ಕ್ಲಿಯರ್‌ಕೋಟ್ ಇರುತ್ತೆ.

ಗೀರಿನ ಮೇಲೆ ಉಗುರು ಆಡಿಸಿ. ಸಿಕ್ಕಿಕೊಂಡ್ರೆ ಪೇಂಟರ್ ಹತ್ರ ಹೋಗಿ. ಇಲ್ಲಾಂದ್ರೆ ತೊಳೆದು, ನೆರಳಲ್ಲಿ ನಿಲ್ಲಿಸಿ, ಮೈಕ್ರೋಫೈಬರ್ ಬಟ್ಟೆಗೆ ಚೂರು ಕಾರ್ ಪಾಲಿಶ್ ಹಾಕಿ, ಅಂಗೈಯಗಲ ಜಾಗ ಮಾತ್ರ ಹಗುರವಾಗಿ ಉಜ್ಜಿ.

ನನ್ನ ಗೀರು ಮಾಯ. ಆದ್ರೆ ತಾತ ಹೇಳಿದ್ದೇ ನಿಜ: ಅಷ್ಟು ಪದರ ಸವೀತು, ಅದು ಮತ್ತೆ ಬೆಳೆಯಲ್ಲ. ಅದಕ್ಕೇ ಗೀರು ತೆಗೆಯೋದಕ್ಕಿಂತ ಮೊದಲು ತೊಳೆದು ಒರೆಸೋದು ಕಲೀರಿ.

ಅಪ್ಪಂಗೆ ಇನ್ನೂ ಹೇಳಿಲ್ಲ. ಮುಂದಿನ ಕಂತು ಗುಬ್ಬಿಯಿಂದ.