ಉಜ್ಜುವ ಬ್ರೇಕು: ದಾಂಡೇಲಿ ಸೀಮೆಯ ಸೈಕಲ್ ರಿಪೇರಿ

1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಿಂದಾಗಿ ದಾಂಡೇಲಿ ಕಾರ್ಮಿಕರ ಪಟ್ಟಣವಾಗಿ ಬೆಳೆದ ಕಾಲದಲ್ಲಿ, ಸೈಕಲ್ಲಿಗೆ ಸಾಮಾನ್ಯವಾಗಿ ಇದ್ದುದು ರಬ್ಬರ್ ತುಂಡನ್ನು ರಿಮ್ಮಿಗೆ, ಅಂದರೆ ಗಾಲಿಯ ಅಂಚಿಗೆ, ಕಬ್ಬಿಣದ ಸರಳಿನಿಂದ ಒತ್ತುವ ರಾಡ್ ಬ್ರೇಕು. ರಿಮ್ ಸೊಟ್ಟಗಾದರೆ ರಬ್ಬರ್ ಉಜ್ಜುತ್ತಿದ್ದುದರಿಂದ, ಕಡ್ಡಿಗಳನ್ನು ಬಿಗಿದು ಗಾಲಿಯನ್ನು ನೇರಗೊಳಿಸುವುದೇ ರಿಪೇರಿಯ ನಿಜವಾದ ವಿದ್ಯೆಯಾಗಿತ್ತು. 2006-07ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಉಚಿತ ಸೈಕಲ್ ಯೋಜನೆ ಎಂಟನೆಯ ತರಗತಿಯ ಮಕ್ಕಳ ಮೂಲಕ ಹಳಿಯಾಳ, ಮುಂಡಗೋಡಗಳ ಹಳ್ಳಿಗಳಿಗೂ ಸೈಕಲ್ಲನ್ನು ಒಯ್ದಿತು.

ಈಚಿನ ಡಿಸ್ಕ್ ಬ್ರೇಕಿನಲ್ಲಿ ಉಜ್ಜುವ ಜಾಗ ಗಾಲಿಯ ನಡುವಿನ ಲೋಹದ ತಟ್ಟೆಗೆ ಸರಿದಿದೆ. ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರಿನ ಬೋಲ್ಟುಗಳನ್ನು ಸಡಿಲಿಸಿ, ಬ್ರೇಕನ್ನು ಹಿಡಿದಿಟ್ಟುಕೊಂಡೇ ಮತ್ತೆ ಬಿಗಿದರೆ ಉಜ್ಜುವ ಸದ್ದು ಬಹುಮಟ್ಟಿಗೆ ನಿಲ್ಲುತ್ತದೆ. ಜೋಯಿಡಾದಂಥ ಮಳೆಸೀಮೆಗೆ ಒದ್ದೆ ರಿಮ್ಮನ್ನು ಒತ್ತುವ ಬ್ರೇಕಿಗಿಂತ ಡಿಸ್ಕ್ ಬ್ರೇಕೇ ನೆಚ್ಚಿಕೆಯದು. ಆದರೆ ತಟ್ಟೆಯೇ ಬಾಗಿದ್ದರೆ ಹಳೆಯ ಕಸುಬುದಾರನ ಕಣ್ಣಳತೆಯೇ ಬೇಕು.